ಪಾದ್ರಿಯ ಮೊದಲ ವರ್ಷದ ಆದಾಯ ಯಾರ ಪಾಲಾಗುತ್ತಿತ್ತು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಚರ್ಚಿನಲ್ಲಿ ಸಭೆಯವರು ದಶಮಾಂಶ ಕೊಡುತ್ತೇವೆ. ಇಂಗ್ಲೆಂಡಿನಲ್ಲಿ ಹಿಂದೆ ಪಾದ್ರಿಗಳೇ ತಮ್ಮ ಆದಾಯದಲ್ಲಿ ಪಾಲು ಕಟ್ಟಬೇಕಿತ್ತಂತೆ. ನಿಜಾನಾ? ಯಾರಿಗೆ ಕಟ್ಟುತ್ತಿದ್ದರು?

ಉತ್ತರ (ಇತಿಹಾಸ ಅಧ್ಯಾಪಕ): ನಿಜ. ಮೊದಲು ಪೋಪರಿಗೆ, ಆಮೇಲೆ ರಾಜನಿಗೆ.

ಎರಡು ಬಗೆ ಇತ್ತು. ಒಂದು ಪ್ರಥಮಫಲ, ಅಂದರೆ ಹೊಸದಾಗಿ ಹುದ್ದೆಗೆ ಬಂದವರ ಮೊದಲ ವರ್ಷದ ಆದಾಯ. ಇನ್ನೊಂದು ಹತ್ತನೇ ಒಂದು ಪಾಲು. 1532ರಲ್ಲಿ ಎಂಟನೇ ಹೆನ್ರಿಯ ಪಾರ್ಲಿಮೆಂಟು ರೋಮ್‌ಗೆ ಹೋಗುತ್ತಿದ್ದ ಪ್ರಥಮಫಲಕ್ಕೆ ತಡೆ ಹಾಕಿತು. ಪಾದ್ರಿಗಳ ಹೊರೆ ಇಳಿಯಿತು ಅಂದುಕೊಳ್ಳಬೇಡಿ. 1534ರ ಕಾಯಿದೆ ಎರಡನ್ನೂ ರಾಜನ ಬೊಕ್ಕಸಕ್ಕೆ ತಿರುಗಿಸಿತು. ಅಲ್ಲಿಯವರೆಗೆ ಪ್ರಥಮಫಲ ಹೆಚ್ಚಾಗಿ ಬಿಷಪ್‌ಗಳಂಥ ದೊಡ್ಡವರ ತಲೆನೋವಾಗಿತ್ತು. ಈಗ ಹಳ್ಳಿಯ ಪಾದ್ರಿಗೂ ಬಂತು. ಹತ್ತನೇ ಪಾಲು ಪ್ರತಿ ವರ್ಷ ಕಟ್ಟಬೇಕಾಯಿತು.

ಮರುವರ್ಷ ಅಧಿಕಾರಿಗಳು ಊರೂರಿನ ಲೆಕ್ಕ ಬರೆದರು: ಚರ್ಚಿನ ಜಮೀನು ಎಷ್ಟು, ದಶಮಾಂಶ ಎಷ್ಟು, ಈಸ್ಟರ್ ಕಾಣಿಕೆ ಎಷ್ಟು. ಆ ದಾಖಲೆಯ ಹೆಸರು ವ್ಯಾಲರ್ ಎಕ್ಲೀಸಿಯಾಸ್ಟಿಕಸ್. ಅದರಲ್ಲಿ 20 ಪೌಂಡ್ ಅಂತ ಬರೆದಿದ್ದರೆ ವರ್ಷಕ್ಕೆ 2 ಪೌಂಡ್ ಖಾಯಂ. ಪ್ರಥಮಫಲ ಬೇರೆ. ಅದನ್ನು ಕಂತಿನಲ್ಲಿ ಕಟ್ಟಬಹುದಿತ್ತು, ಆದರೆ ಪತ್ರ ಬರೆದುಕೊಟ್ಟು ಜಾಮೀನುದಾರರನ್ನು ಕರೆತರಬೇಕಿತ್ತು. ಕೈಗೆ ಇನ್ನೂ ಒಂದು ಕಾಸು ಬಂದಿರುವುದಿಲ್ಲ, ಆಗಲೇ ಸಾಲಗಾರ! ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಹಾಗಾದರೆ ಬಡ ಪಾದ್ರಿಗಳ ಗತಿ ಏನು ಸರ್? ಯಾರೂ ಕೇಳಲಿಲ್ವಾ?

ಉತ್ತರ: ಕೇಳಿದರು, ಆದರೆ ತಡವಾಗಿ. ಮೇರಿ ರಾಣಿ 1555ರಲ್ಲಿ ಈ ಹಣವನ್ನು ಬಿಟ್ಟುಕೊಟ್ಟಳು. ಎಲಿಜಬೆತ್ 1559ರಲ್ಲಿ ವಾಪಸ್ ಪಡೆದಳು. ತೀರಾ ಸಣ್ಣ ಆದಾಯದವರಿಗೆ ಮಾತ್ರ ಪ್ರಥಮಫಲದಿಂದ ವಿನಾಯಿತಿ ಸಿಕ್ಕಿತು.

ನನಗೆ ಮುಖ್ಯ ಅನ್ನಿಸುವುದು 1704. ಆ್ಯನ್ ರಾಣಿ ಈ ಹಣವನ್ನು ಬಡ ಪಾದ್ರಿಗಳಿಗೇ ಬಿಟ್ಟಳು. ಅದನ್ನು ನೋಡಿಕೊಳ್ಳಲು ಹುಟ್ಟಿದ ಸಂಸ್ಥೆ ಕ್ವೀನ್ ಆ್ಯನ್ಸ್ ಬೌಂಟಿ. ಕಡಿಮೆ ಆದಾಯದ ಚರ್ಚುಗಳ ನಡುವೆ ಚೀಟಿ ಎತ್ತುತ್ತಿದ್ದರು. ಹೆಸರು ಬಂದ ಚರ್ಚಿಗೆ 200 ಪೌಂಡ್. ಅದನ್ನು ಕೈಗೆ ಕೊಡುತ್ತಿರಲಿಲ್ಲ. ಜಮೀನು ಕೊಂಡು, ಅದರ ಗೇಣಿ ಪಾದ್ರಿಗೆ ಸಿಗುವಂತೆ ಮಾಡುತ್ತಿದ್ದರು. ಈಗಿನವರು ಖರ್ಚು ಮಾಡಿ ಮುಗಿಸದೆ ಮುಂದೆ ಬರುವವರಿಗೂ ಉಳಿಯಲಿ ಅಂತ.

ಪ್ರಶ್ನೆ: ಪಾದ್ರಿಗಳು ಹೀಗೆ ಪಾಲು ಕಟ್ಟುವುದು ಈಗಲೂ ಇದೆಯಾ?

ಉತ್ತರ: ಇಲ್ಲ. 1535ರಲ್ಲಿ ಬರೆದ ಆದಾಯದ ಲೆಕ್ಕವನ್ನೇ ಇಟ್ಟುಕೊಂಡಿದ್ದರಿಂದ ಬೆಲೆ ಏರಿದಂತೆ ಅದರ ಭಾರ ಕರಗುತ್ತಾ ಹೋಯಿತು. 1926ರಲ್ಲಿ ರದ್ದು ಮಾಡಿದರು.