ಇಳಿಯುತ್ತದೆ, ಕೂರುವುದಿಲ್ಲ: ಸೈಕಲ್ ಫ್ರೇಮಿನ ನೆಪದಲ್ಲಿ ಕೆಲವು ಕ್ರಿಯಾಪದಗಳ ಬಗ್ಗೆ

ಬಳಗದವರಿಗೆ ನಮಸ್ಕಾರ.

ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ಒಂದು ಯಂತ್ರದ ಬಿಡಿಭಾಗ ಇನ್ನೊಂದು ಯಂತ್ರಕ್ಕೆ ಸರಿಹೋಗುವುದನ್ನು ನಿಮ್ಮ ಕಡೆ ಯಾವ ಕ್ರಿಯಾಪದದಿಂದ ಹೇಳುತ್ತೀರಿ? ಕೂರುತ್ತದೆ, ಹೊಂದುತ್ತದೆ, ಒಪ್ಪುತ್ತದೆ, ಒಗ್ಗುತ್ತದೆ ಎಂಬ ನಾಲ್ಕು ನನ್ನ ಮುಂದಿವೆ. ನಾಲ್ಕೂ ಒಂದೇ ಎನ್ನುವವರು ದಯವಿಟ್ಟು ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ನಾನಿರುವುದು ಚಿತ್ರದುರ್ಗದಲ್ಲಿ. ಭಾನುವಾರ ಬೆಳಗ್ಗೆ ಗಾಳಿಯಂತ್ರಗಳು ನಿಂತಿರುವ ಗುಡ್ಡಗಳ ಕಚ್ಚಾ ದಾರಿಯಲ್ಲಿ ಸೈಕಲ್ ತುಳಿಯುವುದು ಹಲವು ವರ್ಷಗಳ ಚಾಳಿ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್, ಅಂದರೆ ಕುಗ್ಗಿ ಹಿಗ್ಗಿ ಕುಲುಕಾಟ ನುಂಗುವ ಏರ್ಪಾಡು, ಇರುವ ಸೈಕಲ್ಲು. ಹೋದ ತಿಂಗಳು ತೊಳೆಯುವಾಗ ನೋಡಿದೆ, ಹಿಂಗಾಲಿಯ ಕೀಲು ಸೀಟಿನ ಕೊಳವೆಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಯುಮಿನಿಯಮ್ಮಿಗೆ ಬೆಸುಗೆ ಹಾಕಬಹುದು. ಆದರೆ ಹದ ಕೊಟ್ಟ ಲೋಹ ಬೆಸುಗೆಯ ಬಿಸಿಗೆ ಅಕ್ಕಪಕ್ಕದಲ್ಲಿ ಮೆತ್ತಗಾಗುತ್ತದೆ. ಮತ್ತೆ ಹದಗೊಳಿಸದೆ ಅದನ್ನು ನಂಬಿ ಬಂಡೆಯ ಮೇಲಿಂದ ಇಳಿಯುವ ಧೈರ್ಯ ನನಗಿಲ್ಲ. ಚಕ್ರ, ಫೋರ್ಕು (ಮುಂದಿನ ಚಕ್ರವನ್ನು ಹಿಡಿಯುವ ಕವಲು), ಬ್ರೇಕು, ಸೀಟಿನ ಕಂಬ ಎಲ್ಲವೂ ಗಟ್ಟಿಯಾಗಿವೆ. ಹಾಗಾಗಿ ಫ್ರೇಮನ್ನಷ್ಟೇ ಕೊಂಡು ಹಳೆಯ ಸಾಮಾನನ್ನು ಅದಕ್ಕೆ ಜೋಡಿಸುವುದೆಂದು ನಿಶ್ಚಯಿಸಿದೆ. ಲಾಳ ಉಳಿದಿದೆ ಎಂದು ಕುದುರೆ ಹುಡುಕುವವರನ್ನು ಇವತ್ತು ಕಂಡೆ ಎಂದಳು ಹೆಂಡತಿ.

ಕುದುರೆ ಹುಡುಕಲು ಒಂದು ಪಟ್ಟಿ ಬೇಕಾಯಿತು. ಯಾವ ಅಳತೆ ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕೆ ಇಲ್ಲ ಎಂದು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ. ಅಂಗಡಿಯ ಮೇಸ್ತ್ರಿಗೂ ಕೊಡಬೇಕು, ಸೈಕಲ್ ತುಳಿಯುವ ಹುಡುಗರಿಗೂ ಕೊಡಬೇಕು. ಅಕ್ಕನ ಮಗ ಉಪಕಾರ ಮಾಡಲು ಹೋಗಿ ಇಂಗ್ಲಿಷಿನ ಒಂದು ಪುಟವನ್ನು ಯಂತ್ರಾನುವಾದಕ್ಕೆ ಹಾಕಿದ. ಶೀರ್ಷಿಕೆ ಹೀಗೆ ಬಂತು: 'ಪೂರ್ಣ ಅಮಾನತು ಪರ್ವತ ಬೈಕು ಚೌಕಟ್ಟು'. ನಾನು ಸರ್ಕಾರಿ ನೌಕರ, ಅಮಾನತು ಎಂಬ ಮಾತು ಕಂಡರೆ ತಾನಾಗಿ ಬೆನ್ನು ನೇರವಾಗುತ್ತದೆ. ಅದರಲ್ಲೂ ಪೂರ್ಣ ಅಮಾನತು! ಅರಬ್ಬಿಯಲ್ಲಿ ನಂಬಿ ಒಪ್ಪಿಸಿದ ವಸ್ತು, ಠೇವಣಿ ಎಂಬ ಅರ್ಥದ ಪದ ನಮ್ಮ ಕಚೇರಿಗಳಿಗೆ ಬಂದು ನೌಕರನನ್ನು ಮನೆಗೆ ಕಳಿಸುವ ಪದವಾಯಿತು, ಈಗ ಸೈಕಲ್ಲಿಗೂ ಆದೇಶ ಹೊರಡಿಸಿದೆ. ಸೇತುವೆಯಾದರೆ ತೂಗುಸೇತುವೆ ಎನ್ನುತ್ತೇವೆ, ಸೈಕಲ್ಲು ತೂಗುವುದಿಲ್ಲ, ಕುಪ್ಪಳಿಸುತ್ತದೆ. ನಾನು ಸಸ್ಪೆನ್ಷನ್ ಎಂದೇ ಬರೆದೆ. ಫ್ರೇಮು, ಹಬ್ಬು (ಚಕ್ರದ ನಡುವಿನ ಗುಂಬ), ಫೋರ್ಕು, ಶಾಕು (ಹಿಂದಿನ ಕುಲುಕಾಟ ನುಂಗುವ ಭಾಗ) ಎಲ್ಲವನ್ನೂ ಹಾಗೆಯೇ ಇಟ್ಟೆ, ಅಂಗಡಿಯವರು ಹೇಳುವುದೂ ಅದನ್ನೇ. ನಾಮಪದಗಳಿಗೆ ಬದಲಿ ಸೂಚಿಸಬೇಡಿ ಎಂದು ಮೊದಲೇ ಕೈಮುಗಿಯುತ್ತೇನೆ. ಹೋದ ಸಲ ಚಾರ್ಜರಿಗೆ ಬಂದ ಹದಿನೇಳು ಸಲಹೆಗಳನ್ನು ಇನ್ನೂ ಮರೆತಿಲ್ಲ. ತೊಡಕಾದದ್ದು ಕ್ರಿಯಾಪದದಲ್ಲಿ.

ದಾವಣಗೆರೆಯ ಕಡೆಯಿಂದ ಒಂದು ಹಳೆಯ ಫ್ರೇಮು ಮಾರಾಟಕ್ಕೆ ಬಂದಿತ್ತು. ಜಾಹೀರಾತಿನಲ್ಲಿ 'ಎಲ್ಲ ಬಿಡಿಭಾಗಗಳಿಗೂ ಹೊಂದಿಕೊಳ್ಳುತ್ತದೆ' ಎಂದಿತ್ತು. ಎರಡು ದಿನ ಇಟ್ಟುಕೊಂಡು ನೋಡುತ್ತೇನೆಂದು ತಂದು ಸಂತೆಪೇಟೆಯ ಅಂಗಡಿಯಲ್ಲಿ ಇಳಿಸಿದೆ. ಮೇಸ್ತ್ರಿ ಸೀಟಿನ ಕೊಳವೆಯ ಬಾಯನ್ನು ಬಟ್ಟೆಯಿಂದ ಒರೆಸಿ, ನನ್ನ ಸೀಟಿನ ಕಂಬವನ್ನು ಅದರೊಳಗೆ ಬಿಟ್ಟರು. ಸರ್ರನೆ ಇಳಿದು ಹೋಯಿತು. ನನಗೆ ಸಂತೋಷ. ಅವರು ಕಂಬದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದರು, ಒಳಗೆ ಲೊಟಲೊಟ ಸದ್ದು. ಕೊಳವೆಯ ಸೀಳು ಪೂರ್ತಿ ಮುಚ್ಚುವವರೆಗೆ ಬಾಯಿಯ ಸುತ್ತಿನ ಲೋಹದ ಪಟ್ಟಿಯನ್ನು ಬಿಗಿದರು; ಆದರೂ ಕಂಬ ಕೈಯಲ್ಲಿ ತಿರುಗಿತು. ವರ್ನಿಯರ್ ಹಿಡಿದು ಅಳೆದರೆ ಕಂಬ 30.9 ಮಿಲಿಮೀಟರ್, ಕೊಳವೆ 31.6. ಮೇಸ್ತ್ರಿ ಹೇಳಿದ್ದು ಇಷ್ಟು: "ಇಳಿಯುತ್ತದೆ ಸಾರ್, ಕೂರುವುದಿಲ್ಲ."

ನಾನು ಬರೆಯಲು ಹೆಣಗುತ್ತಿದ್ದ ಹಾಳೆಯ ಅರ್ಧ ಭಾಗ ಆ ಎರಡು ಕ್ರಿಯಾಪದಗಳಲ್ಲಿತ್ತು. ಕೂರುವುದು ಎಂದರೆ ಹೋಗಿ ನೆಲೆ ನಿಲ್ಲುವುದು. ಅಂಗಿ ಮೈಗೆ ಕೂತಿದೆ ಎನ್ನುತ್ತೇವೆ, ತಂಬೂರಿಯ ಶ್ರುತಿ ಕೂತಿದೆ ಎನ್ನುತ್ತೇವೆ, ಬರೆದು ಬರೆದು ಕೈ ಕೂತಿತು ಎನ್ನುತ್ತೇವೆ, ಲೆಕ್ಕ ತಲೆಯಲ್ಲಿ ಕೂರಲಿಲ್ಲ ಎಂದು ಮೇಷ್ಟರ ಹತ್ತಿರ ಹೊಡೆಸಿಕೊಂಡಿದ್ದೇವೆ. ನಮ್ಮ ಕೋಟೆಯ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂತಿರುವುದನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಯ ಕೂತಿತು ಎಂದರೆ ಮಾತ್ರ ಅನಾಹುತ, ಅದು ಬೇರೆ ಕಥೆ.

ಈಗ ಜಾಹೀರಾತಿನ 'ಹೊಂದಿಕೊಳ್ಳುತ್ತದೆ'ಗೆ ಬರುತ್ತೇನೆ. ನನ್ನ ನಿಜವಾದ ತಕರಾರು ಇದರ ಮೇಲೆ. ಹೊಂದು, ಹೊಂದಿಸು, ಹೊಂದಿಕೊಳ್ಳು ಎಂಬ ಮೂರನ್ನು ಪತ್ರಿಕೆಗಳೂ ತಂತ್ರಜ್ಞಾನದ ಬರಹಗಳೂ ಒಂದೇ ಗೋಣಿಗೆ ತುಂಬಿ ಬಾಯಿಗೆ 'ಹೊಂದಾಣಿಕೆ' ಎಂದು ದಾರ ಕಟ್ಟುತ್ತವೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೊಂದಿಕೊಂಡು ಹೋಗಮ್ಮಾ ಎನ್ನುತ್ತಾರೆ. ಅಲ್ಲಿ ಬಗ್ಗುವವಳು ಆಕೆ, ಸಹಿಸುವವಳು ಆಕೆ. 'ಕೊಳ್ಳು' ಸೇರಿತೆಂದರೆ ಕೆಲಸದ ಭಾರ ಕರ್ತೃವಿನ ಹೆಗಲಿಗೇ ಬಿತ್ತು. ಅಲ್ಯುಮಿನಿಯಮ್ ಕೊಳವೆ ಯಾರಿಗಾಗಿಯೂ ಬಗ್ಗುವುದಿಲ್ಲ. 31.6ರ ಕೊಳವೆ 30.9ರ ಕಂಬಕ್ಕೆ ಹೊಂದಿಕೊಳ್ಳುವುದಿಲ್ಲ; ನಡುವೆ 0.35 ಮಿಲಿಮೀಟರ್ ದಪ್ಪದ ತಗಡಿನ ಕೊಳವೆಯೊಂದನ್ನು ಇಳಿಸಿ ಅದನ್ನು ಹೊಂದಿಸಬೇಕು. ಹೊಂದಿಸುವವನು ಮೇಸ್ತ್ರಿ, ದುಡ್ಡು ಕೊಡುವವನು ನಾನು. ಆ ತಗಡಿನ ದುಡ್ಡು ಯಾರದು ಎಂಬುದನ್ನು 'ಹೊಂದಿಕೊಳ್ಳುತ್ತದೆ' ಎಂಬ ಮಾತು ನಯವಾಗಿ ಮುಚ್ಚಿಟ್ಟಿತ್ತು.

ಹೊಂದಿಸುವುದಕ್ಕೂ ಒಂದು ದಿಕ್ಕಿದೆ. ಸಣ್ಣದನ್ನು ದೊಡ್ಡದಕ್ಕೆ ಹೊಂದಿಸಬಹುದು, ದೊಡ್ಡದನ್ನು ಸಣ್ಣದಕ್ಕೆ ಆಗದು. ನನ್ನ ಹಿಂದಿನ ಹಬ್ಬು 142 ಮಿಲಿಮೀಟರಿನದು. ಅದು ಹಳೆಯ 135ರ ಹಬ್ಬಿಗೇ ಎರಡು ಬದಿಗೂ ಮೂರೂವರೆ ಮಿಲಿಮೀಟರ್ ಸೇರಿಸಿದ್ದು, ಆ ಹೆಚ್ಚುವರಿ ತುದಿ ಫ್ರೇಮಿನ ಕವೆಯಲ್ಲಿ (ಹಿಂದಿನ ಚಕ್ರವನ್ನು ಹಿಡಿಯುವ ಕವಲಿನಲ್ಲಿ) ಕೊರೆದ ಗುಂಡಿಯಲ್ಲಿ ಕೂರುತ್ತದೆ. ಈಚಿನ ಫ್ರೇಮುಗಳಲ್ಲಿ ಕವೆಯ ಅಗಲ 148. ನಡುವಿನ ಆರು ಮಿಲಿಮೀಟರಿಗೆ ಎರಡೂ ಬದಿ ಮೂರು ಮೂರು ಮಿಲಿಮೀಟರಿನ ಬಿಲ್ಲೆ ಇಟ್ಟು, ಬ್ರೇಕಿನ ತಟ್ಟೆಯನ್ನೂ ಅಷ್ಟೇ ಹೊರಗೆ ತಂದು ಹೊಂದಿಸುವ ಉಪಾಯವಿದೆ. ಬದಲಿಗೆ 148ರ ಹಬ್ಬನ್ನು 142ರ ಕವೆಗೆ ತರಲು ಉಪಾಯವಿಲ್ಲ. ಈ ಹಬ್ಬುಗಳ ನಡುವೆ ತೂರುವ 12 ಮಿಲಿಮೀಟರಿನ ಸರಳನ್ನು ಬಿಗಿಯುವಾಗಲೆಲ್ಲ ನನಗೆ ಅಜ್ಜನ ಬಂಡಿ ನೆನಪಾಗುತ್ತದೆ. ಅಲ್ಲಿ ಗಾಲಿಯ ನಡುವೆ ಗುಂಬ, ಗುಂಬದೊಳಗೆ ಇರಸು, ಇರಸಿನ ತುದಿಗೆ ಗಾಲಿ ಕಳಚದಂತೆ ಕಡಾಣಿ. ಇಲ್ಲಿ ಇರಸಿನ ಕೆಲಸವನ್ನೂ ಕಡಾಣಿಯ ಕೆಲಸವನ್ನೂ ಒಂದೇ ಸರಳು ಮಾಡುತ್ತದೆ. (ನಾಮಪದ ಬೇಡ ಎಂದವನೇ ನಾನು. ಇರಲಿ.)

ಫೋರ್ಕಿನ ಕತ್ತಿನದೂ ಇದೇ ಲೆಕ್ಕ. ಮೇಲೆ ಒಂದು ಇಂಚು ಮತ್ತು ಇಂಚಿನ ಎಂಟನೇ ಒಂದು ಭಾಗ, ಅಂದರೆ 28.6 ಮಿಲಿಮೀಟರ್, ಬುಡದಲ್ಲಿ ಒಂದೂವರೆ ಇಂಚು, ಹೀಗೆ ಬುಡ ದಪ್ಪಗಿರುವ ಕತ್ತು ಈಗ ಎಲ್ಲೆಡೆ. ನೇರ ಕತ್ತಿನ ಹಳೆಯ ಫೋರ್ಕನ್ನು ದಪ್ಪ ಬುಡದ ಫ್ರೇಮಿಗೆ ಬಳೆಯೊಂದನ್ನಿಟ್ಟು ಹೊಂದಿಸಬಹುದು. ದಪ್ಪ ಬುಡದ ಕತ್ತು ಹಳೆಯ 34 ಮಿಲಿಮೀಟರಿನ ತೂತಿಗೆ ಇಳಿಯುವುದೇ ಇಲ್ಲ. ಹೀಗೆ ಬರುಬರುತ್ತ ಸಣ್ಣಗಾಗುವ ಆಕಾರಕ್ಕೆ ಸಂಗೀತ ಬಲ್ಲ ಗೆಳೆಯರೊಬ್ಬರು 'ಗೋಪುಚ್ಛ' ಎನ್ನಬಹುದಲ್ಲ ಎಂದರು. ಸಂಗೀತದ ಲಯವಿನ್ಯಾಸಗಳಾದ ಯತಿಗಳಲ್ಲಿ ಗೋಪುಚ್ಛ, ಅಂದರೆ ಹಸುವಿನ ಬಾಲ, ಇದೆ, ಸರಿ. ಆದರೆ ಸಂತೆಪೇಟೆಗೆ ಹೋಗಿ ಗೋಪುಚ್ಛ ಕತ್ತಿನ ಫೋರ್ಕು ಕೊಡಿ ಎಂದು ಕೇಳುವ ಕೆಲಸ ಅವರೇ ಮಾಡಲಿ.

ಇಲ್ಲಿಯವರೆಗೆ ಇಳಿ, ಕೂರು, ಹೊಂದಿಸು ಎಂಬ ಮೂರರಿಂದ ಕೆಲಸ ನಡೆಯಿತು. ಸಿಕ್ಕಿಕೊಂಡದ್ದು ಮುಂದಿನ ಹೆಜ್ಜೆಯಲ್ಲಿ. ಅಳತೆಯೆಲ್ಲ ಸರಿಯಾಗಿ, ಭಾಗ ಬಿಗಿಯಾಗಿ ಕೂತು, ಆದರೂ ಸವಾರಿ ಕೆಡುವುದಿದೆ. ನನ್ನ ಚಕ್ರಗಳು 27.5 ಇಂಚಿನವು, ರಿಮ್ಮಿನ ಅಳತೆ 584 ಮಿಲಿಮೀಟರ್. ಅವನ್ನು 29 ಇಂಚಿನ ಚಕ್ರಕ್ಕೆಂದು ಮಾಡಿದ ಫ್ರೇಮಿಗೆ ಹಾಕಿದರೆ ಆರಾಮವಾಗಿ ಕೂರುತ್ತವೆ, ಜಾಗ ಮಿಗುತ್ತದೆ ಕೂಡ. ಆದರೆ ಆ ಫ್ರೇಮಿನ ರಿಮ್ಮು 622, ವ್ಯತ್ಯಾಸದ ಅರ್ಧ 19 ಮಿಲಿಮೀಟರ್, ಪೆಡಲು ನೆಲಕ್ಕೆ ಅಷ್ಟು ಹತ್ತಿರವಾಯಿತು. ಬಯಲು ದಾರಿಯಲ್ಲಿ ಹತ್ತೊಂಬತ್ತು ಮಿಲಿಮೀಟರ್ ಏನೂ ಅಲ್ಲ. ಎದ್ದು ನಿಂತ ಕಲ್ಲಿನ ನಮ್ಮ ದಾರಿಯಲ್ಲಿ ಅದು ಪೆಡಲು ಬಡಿಯುವುದಕ್ಕೂ ಬಡಿಯದಿರುವುದಕ್ಕೂ ಇರುವ ಅಂತರ.

ಶಾಕಿನ ವಿಷಯ ಇನ್ನೂ ಸೂಕ್ಷ್ಮ. ಶಾಕನ್ನು ಎರಡು ಅಂಕಿಗಳಿಂದ ಗುರುತಿಸುತ್ತಾರೆ. ಮೊದಲನೆಯದು ಎರಡು ತುದಿಗಳಲ್ಲಿರುವ ಕಣ್ಣಿನ ನಡುವಣ ದೂರ. ತೆಂಗಿನಕಾಯಿಗೂ ಜರಡಿಗೂ ಕಣ್ಣು ಕೊಟ್ಟ ಭಾಷೆ ಇದು, ಶಾಕಿಗೂ ಕೊಡುತ್ತದೆ. ಎರಡನೆಯದು ಅದು ಎಷ್ಟು ಕುಗ್ಗುತ್ತದೆ ಎಂಬುದು. ನಾನು ನೋಡುತ್ತಿರುವ ಫ್ರೇಮಿಗೆ 200×57ರ ಶಾಕು ಬೇಕು. 57 ಮಿಲಿಮೀಟರ್ ಕುಗ್ಗಿದರೆ ಹಿಂಗಾಲಿ 140 ಮಿಲಿಮೀಟರ್ ಮೇಲೇಳುತ್ತದೆ, ಸರಿಸುಮಾರು ಎರಡೂವರೆ ಪಟ್ಟು. ನನ್ನ ಬಳಿ ಇರುವುದು 200×51. ಕಣ್ಣಿನ ದೂರ ಒಂದೇ, ಹಾಗಾಗಿ ತಕ್ಕ ಬುಷ್ಷು ಹಾಕಿದರೆ ಬೋಲ್ಟು ಎರಡೂ ಕಡೆ ಹಾಯುತ್ತದೆ, ಅಲುಗುವುದಿಲ್ಲ. ಆದರೆ ಗಾಲಿಯ ಓಟ 125ಕ್ಕೇ ನಿಲ್ಲುತ್ತದೆ. ಇನ್ನೊಂದು ಫ್ರೇಮಿನ ತೂಕಕ್ಕೂ ಕೀಲಿಗೂ ಹದಮಾಡಿದ ಶಾಕು ಇಲ್ಲಿ ಹಾಗೆಯೇ ವರ್ತಿಸುತ್ತದೆಂಬ ಭರವಸೆಯೂ ಇಲ್ಲ. 2016ರ ಸುಮಾರಿಗೆ ಬಂದ ಮೆಟ್ರಿಕ್ ಅಳತೆಯ 210×55, 230×65ರಂಥ ಶಾಕುಗಳಾದರೆ ಚರ್ಚೆಯೇ ಇಲ್ಲ, ಅವು ಈ ಫ್ರೇಮಿನಲ್ಲಿ ಕೂರುವುದೇ ಇಲ್ಲ. ಮೋಸ ಮಾಡುವುದು ಕೂರುವ ಶಾಕು.

ಇದಕ್ಕೆ ಏನೆನ್ನಲಿ? ಮೊದಲು 'ಒಪ್ಪುವುದಿಲ್ಲ' ಎಂದು ಬರೆದೆ. ಈ ಬಣ್ಣ ನಿನಗೆ ಒಪ್ಪುತ್ತದೆ ಎನ್ನುವಲ್ಲಿನ ಒಪ್ಪು ಹಳಗನ್ನಡದಿಂದಲೂ ಚಂದಕ್ಕೆ ಸಂಬಂಧಿಸಿದ್ದು, ಒಪ್ಪ ಓರಣದ ಒಪ್ಪ. ಈಗಿನ ಕಿವಿಗೆ ಮಾತ್ರ ಶಾಕು ಏನೋ ಕರಾರಿಗೆ ಸಹಿ ಹಾಕಲು ನಿರಾಕರಿಸಿದಂತೆ ಕೇಳಿಸುತ್ತದೆ. ಹೊಡೆದು ಹಾಕಿ 'ಒಗ್ಗುವುದಿಲ್ಲ' ಎಂದು ಬರೆದೆ. ಈ ಊರ ನೀರು ನನಗೆ ಒಗ್ಗಲಿಲ್ಲ, ಚಳಿ ಅವನ ಮೈಗೆ ಒಗ್ಗದು ಎನ್ನುವಲ್ಲಿ ಇರುವ ಅರ್ಥ ಇದೇ ಅಲ್ಲವೇ? ಒಳಗೆ ಹೋಯಿತು, ಆದರೂ ತೊಂದರೆ ಕೊಟ್ಟಿತು. ಆದರೆ ನನ್ನ ತಿಳಿವಳಿಕೆಯಲ್ಲಿ ಒಗ್ಗುವುದು ಜೀವಕ್ಕೆ. ನೊಗ ಎತ್ತಿಗೆ ಒಗ್ಗುತ್ತದೆ, ನೊಗ ಬಂಡಿಗೆ ಒಗ್ಗುತ್ತದೆ ಎಂದರೆ ನಗುತ್ತಾರೆ. ಹಾಗಾದರೆ ಶಾಕು ಫ್ರೇಮಿಗೆ ಒಗ್ಗುವುದಿಲ್ಲ ಎನ್ನಬಹುದೇ? ಕೀಲಿರುವ, ಕುಗ್ಗಿ ಹಿಗ್ಗುವ ಫ್ರೇಮಿಗೆ ಅಷ್ಟು ಜೀವ ಇದೆ ಎಂದು ನನ್ನ ವಾದ. ಅಲುಗಾಡದ ಹಳೆಯ ಉಕ್ಕಿನ ಸೈಕಲ್ಲಿನ ಬಗ್ಗೆ ನಾನು ಹಾಗೆ ಬರೆಯುತ್ತಿರಲಿಲ್ಲ.

ಇನ್ನೊಂದು ಉಪಪ್ರಶ್ನೆ. ನಮ್ಮದು ಗಡಿಸೀಮೆಯ ಕನ್ನಡ. ದಾವಣಗೆರೆ ದಾಟಿ ಹರಿಹರದ ಕಡೆ ಹೋದರೆ ಕೂರುವುದು 'ಕುಂದ್ರುವುದು' ಆಗುತ್ತದೆ, ಇನ್ನೂ ಮುಂದೆ 'ಕೂಡ್ರುವುದು'. ಬರಹದಲ್ಲಿ 'ಹಬ್ಬು ಕವೆಯಲ್ಲಿ ಕೂಡ್ರುತ್ತದೆ' ಎಂದು ಕಂಡರೆ ಮೈಸೂರಿನವರು 'ಕೂಡುತ್ತದೆ' ಎಂದು ತಿದ್ದಿಬಿಡುತ್ತಾರೆ. ಕೂಡುವುದು ಬೇರೆ, ಕೂಡ್ರುವುದು ಬೇರೆ. ಆ ಕಡೆಯವರು ಇದನ್ನು ಬರಹದಲ್ಲಿ ಹೇಗೆ ಉಳಿಸಿಕೊಂಡಿದ್ದೀರಿ?

ನಿನ್ನೆ ಸಂಜೆ ಹಾಳೆಯನ್ನು ಮೇಸ್ತ್ರಿಗೆ ಓದಲು ಕೊಟ್ಟೆ. ಇಳಿ, ಕೂರು, ಹೊಂದಿಸು ಬಂದ ಸಾಲುಗಳ ಮೇಲೆ ಕಣ್ಣು ನಿಲ್ಲದೆ ಹೋಯಿತು. ಶಾಕಿನ ಸಾಲಿಗೆ ಬಂದಾಗ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಒಗ್ಗುವುದಿಲ್ಲ ಎಂಬುದರ ಮೇಲೆ ಗೆರೆ ಎಳೆದು, 'ಸೇರುವುದಿಲ್ಲ' ಎಂದು ಬರೆದರು. ಸೇರುತ್ತದಲ್ಲ, ಬೋಲ್ಟು ಹಾಯುತ್ತದಲ್ಲ ಎಂದೆ. "ಬೋಲ್ಟು ಹಾಯುತ್ತದೆ ಸಾರ್. ಫ್ರೇಮಿಗೆ ಸೇರುವುದಿಲ್ಲ. ನಮ್ಮ ಹುಡುಗನಿಗೆ ಹಾಗಲಕಾಯಿ ಸೇರುವುದಿಲ್ಲವಲ್ಲ, ಹಾಗೆ" ಎಂದರು. ಊಟ ಸೇರಲಿಲ್ಲ, ಆ ಮನೆ ಸೊಸೆಗೆ ಸೇರಲಿಲ್ಲ ಎನ್ನುವ ಸೇರು ಅದು. ಅವರ ಬಾಯಲ್ಲಿ ಎರಡಕ್ಕೂ ಒಂದೇ ಪದ, ಒಂದೇ ವಿಭಕ್ತಿ: ಈ ಶಾಕು ಆ ಫ್ರೇಮಿಗೆ ಸೇರುತ್ತದೆ, ಆದರೆ ಆ ಫ್ರೇಮಿಗೆ ಸೇರುವುದಿಲ್ಲ. ಅಂಗಡಿಯಲ್ಲಿ ನಿಂತು ಕೇಳಿದಾಗ ನನಗೆ ಗೊಂದಲವಾಗಲಿಲ್ಲ. ಹಾಳೆಯ ಮೇಲೆ ಓದುವವರಿಗೆ ಆಗುತ್ತದೆಯೇ? ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳಿಸುತ್ತದೆಂದು ಬರೆಯಿರಿ. ಫ್ರೇಮನ್ನು ನಾಳಿದ್ದು ವಾಪಸ್ಸು ಕೊಡಬೇಕು, ಹಾಳೆಗೆ ಅವಸರವಿಲ್ಲ.