ವಾರಕ್ಕೆ 16 ಗಂಟೆ ಪಾಠ, ಅದರ ನಡುವೆ ಸಂಶೋಧನೆ ಯಾವಾಗ? ಕೊಡಗಿನ ಅಧ್ಯಾಪಕರ ಪ್ರಶ್ನೋತ್ತರ

ಪ್ರಶ್ನೆ (ಸೋಮವಾರಪೇಟೆ ಕಡೆಯ ಪದವಿ ಕಾಲೇಜಿನ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದ ಸಂಯೋಜಕಿ):

ಸರ್, ನಮಸ್ಕಾರ. ನಮ್ಮದು ಪದವಿ ಕಾಲೇಜು, ಪಿಜಿ ಇಲ್ಲ. ಅಧ್ಯಾಪಕರಲ್ಲಿ ಅರ್ಧಕ್ಕಿಂತ ಜಾಸ್ತಿ ಅತಿಥಿ ಉಪನ್ಯಾಸಕರು. ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ತಯಾರಿ ಅಂತ ಪ್ರಾಂಶುಪಾಲರು "ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಪೇಪರ್ ಪ್ರಕಟಿಸಬೇಕು" ಎಂದು ಸುತ್ತೋಲೆ ಹೊರಡಿಸಿದ್ದಾರೆ. ಎಲ್ಲರೂ ಸಹಿ ಹಾಕಿದರು, ಅಷ್ಟೇ. ಹಿರಿಯರೊಬ್ಬರು "ನಮಗೆ ಸಂಬಳ ಕೊಡೋದು ಪಾಠ ಮಾಡೋಕೆ" ಅಂದುಬಿಟ್ಟರು. ಸಂಶೋಧನೆಯ ವಾತಾವರಣ ಬೆಳೆಸಿ ಅಂತ ಈಗ ನನ್ನ ತಲೆಗೆ ಕಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ನಿವೃತ್ತ ಪ್ರಾಧ್ಯಾಪಕ, ಸಂಶೋಧನಾ ಮಾರ್ಗದರ್ಶಕ):

ನಮಸ್ಕಾರ ಮೇಡಂ. ಸಾಧ್ಯವಾದರೆ ಮೊದಲು ಆ ಸುತ್ತೋಲೆ ವಾಪಸ್ ತೆಗೆಸಿ. ಎರಡು ಪೇಪರ್ ಕೇಳಿದರೆ ಎರಡು ಪೇಪರ್ ಬರುತ್ತವೆ, ಅನುಮಾನ ಬೇಡ. ಆದರೆ ಅವು ಎಂಥ ಪೇಪರ್ ಆಗಿರುತ್ತವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಆ ಹಿರಿಯರ ಮಾತನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲೇ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ 14 ಗಂಟೆ ನೇರ ಪಾಠ ಇದೆ. ಅದರ ಮೇಲೆ ಇಂಟರ್ನಲ್ ಮಾರ್ಕ್ಸ್, ಸ್ಕಾಲರ್‌ಶಿಪ್ ಅರ್ಜಿ, ಎನ್‌ಎಸ್‌ಎಸ್, ಪರೀಕ್ಷಾ ಡ್ಯೂಟಿ, ಚುನಾವಣೆ ಬಂದರೆ ಆ ಡ್ಯೂಟಿ. ಕೊಡಗಿನಲ್ಲಿ ಇನ್ನೊಂದು ಲೆಕ್ಕ ಬೇರೆ ಇದೆ. ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸುತ್ತಾರೆ, ಆ ಪಾಠವನ್ನು ಆಮೇಲೆ ಶನಿವಾರಗಳಲ್ಲಿ ತುಂಬಬೇಕು. ಅದು ಮುಗಿಯುವ ಹೊತ್ತಿಗೆ ಅರೇಬಿಕಾ ಕೊಯ್ಲು. ತೋಟ ಇರುವ ಮೇಷ್ಟ್ರು ಮನೆಗೆ ಹೋಗಿ ಜರ್ನಲ್ ಓದುತ್ತಾರೆ ಅಂತ ಯಾರು ನಂಬುತ್ತಾರೆ?

ಹಾಗಾಗಿ ನೀವು ಪ್ರಾಂಶುಪಾಲರ ಹತ್ತಿರ ಮೊದಲು ಕೇಳಬೇಕಾದದ್ದು ದುಡ್ಡಲ್ಲ. ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಎರಡು ಗಂಟೆ. ಎಲ್ಲರಿಗೂ ಒಂದೇ ಹೊತ್ತಿಗೆ ಆಗದಿದ್ದರೆ ಎರಡೆರಡು ವಿಭಾಗಕ್ಕೆ ಸೇರಿಸಿ ಕೊಡಲಿ. ಒಂದು ಷರತ್ತು: ಯಾರೋ ರಜೆ ಹಾಕಿದರು ಅಂತ ಆ ಹೊತ್ತಿನಲ್ಲಿ ಬದಲಿ ಕ್ಲಾಸಿಗೆ ಎಳೆಯಬಾರದು. ಈ ಷರತ್ತು ನಿಲ್ಲದಿದ್ದರೆ ಆ ಎರಡು ಗಂಟೆ ಕಾಗದದ ಮೇಲೆ ಮಾತ್ರ ಇರುತ್ತದೆ. "ಬಿಡುವಾದಾಗ ಮಾಡಿ" ಎಂದ ಕಾಲೇಜಿನಲ್ಲಿ ಸಂಶೋಧನೆ ನಡೆದದ್ದನ್ನು ನಾನಂತೂ ಕಂಡಿಲ್ಲ.

ಪ್ರಾಂಶುಪಾಲರು ನ್ಯಾಕ್ ಅಂದರೆ ಈ ಲೆಕ್ಕ ತೋರಿಸಿ. ನಾವೆಲ್ಲ ತಯಾರಿ ಮಾಡಿಕೊಂಡು ಬಂದ ಅಂಕಪದ್ಧತಿಯಲ್ಲಿ, ಒಟ್ಟು 1,000 ಅಂಕದಲ್ಲಿ, ಸಂಶೋಧನೆ ಮತ್ತು ವಿಸ್ತರಣೆಯ ಮಾನದಂಡಕ್ಕೆ ವಿಶ್ವವಿದ್ಯಾಲಯಗಳಿಗೆ 250 ಅಂಕ. ನಿಮ್ಮಂಥ ಸಂಯೋಜಿತ ಪದವಿ ಕಾಲೇಜಿಗೆ 110. ಪಾಠ, ಕಲಿಕೆ, ಮೌಲ್ಯಮಾಪನಕ್ಕೆ 350. ಅಂದರೆ ಚಿಕ್ಕ ಕಾಲೇಜು ದೊಡ್ಡ ವಿವಿಯ ಹಾಗೆ ಪೇಪರ್ ಸುರಿಸಲಿ ಅಂತ ನ್ಯಾಕ್ ಕೂಡ ಕೇಳಿರಲಿಲ್ಲ.

ಇನ್ನೊಂದು. ವಿದ್ವತ್ತು ಅಂದರೆ ಪೇಪರ್ ಮಾತ್ರ ಅಂತ ಯಾರು ಹೇಳಿದರು? ಅಮೆರಿಕದ ಎರ್ನೆಸ್ಟ್ ಬಾಯರ್ 1990ರಲ್ಲೇ ಇದನ್ನು ನಾಲ್ಕು ಬಗೆ ಮಾಡಿದರು: ಹೊಸದನ್ನು ಕಂಡುಹಿಡಿಯುವುದು, ಬೇರೆ ಬೇರೆ ವಿಷಯಗಳನ್ನು ಜೋಡಿಸಿ ನೋಡುವುದು, ತಿಳಿದದ್ದನ್ನು ಜನರ ಸಮಸ್ಯೆಗೆ ಹಚ್ಚುವುದು, ಮತ್ತು ಪಾಠವನ್ನೇ ಪರೀಕ್ಷೆಗೆ ಒಡ್ಡುವುದು. ಇಂಗ್ಲೆಂಡಿನಲ್ಲೂ ಪದವಿ ಕೋರ್ಸ್ ನಡೆಸುವ ಚಿಕ್ಕ ಕಾಲೇಜುಗಳಿವೆ. ಅಲ್ಲಿನವರೂ ಇದೇ ತಲೆನೋವಿಗೆ ಬಾಯರ್ ಅವರ ವಿಂಗಡಣೆಯನ್ನೇ ಹಿಡಿದುಕೊಂಡಿದ್ದಾರೆ. ನಿಮ್ಮ ಹಿರಿಯರು ಗೋಣಿಕೊಪ್ಪ ಸಂತೆಯ ಲೆಕ್ಕ ಇಟ್ಟುಕೊಂಡು ಬೇಡಿಕೆ, ಪೂರೈಕೆ ಪಾಠ ಮಾಡುತ್ತಿದ್ದರೆ, ಅದರಿಂದ ಮಕ್ಕಳಿಗೆ ನಿಜಕ್ಕೂ ಜಾಸ್ತಿ ಅರ್ಥವಾಯಿತಾ ಅಂತ ಒಂದು ಸೆಮಿಸ್ಟರ್ ಗಮನಿಸಿ ಬರೆದರೆ, ಅದು ನಾಲ್ಕನೇ ಬಗೆ. ಅವರ ಹತ್ತಿರ ಹೋಗಿ "ಪೇಪರ್ ಬರೀರಿ" ಅನ್ನಬೇಡಿ. "ಸರ್, ನೀವು ಮಾಡೋದನ್ನ ನಮಗೂ ತೋರಿಸಿ" ಅನ್ನಿ.

ಪ್ರಶ್ನೆ (ವಿರಾಜಪೇಟೆಯ ಭೌತಶಾಸ್ತ್ರ ಅಧ್ಯಾಪಕ):

ಸರ್, ಆರ್ಟ್ಸ್‌ನವರಿಗೆ ಸರಿ. ನಮ್ಮ ಲ್ಯಾಬ್‌ನಲ್ಲಿ ಬಿಎಸ್ಸಿ ಪ್ರಾಕ್ಟಿಕಲ್‌ಗೆ ಬೇಕಾದಷ್ಟೇ ಸಾಮಾನು. ಇದರಲ್ಲಿ ಏನು ಸಂಶೋಧನೆ ಮಾಡೋದು?

ಉತ್ತರ:

ಲ್ಯಾಬ್ ಬಿಟ್ಟು ಹೊರಗೆ ಬನ್ನಿ ಸರ್. ಕೊಡಗಿನ ಹಳೆಯ ಕಾಫಿ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಅಜ್ಜನ ಕಾಲದಿಂದ ದಿನಾ ಬರೆದಿಟ್ಟ ತೋಟಗಳಿವೆ. "ಇವತ್ತು ಎಷ್ಟು ಸೆಂಟ್?" ಅಂತ ಫೋನ್‌ನಲ್ಲಿ ಕೇಳಿಕೊಳ್ಳುವ ಊರು ನಮ್ಮದು. ಇದನ್ನೆಲ್ಲ ಒಟ್ಟು ಮಾಡಿ ಸರಿಯಾಗಿ ನೋಡಿದವರು ಎಷ್ಟು ಜನ?

ಕೆಲಸ ಹೀಗೆ. ಮೂರ್ನಾಲ್ಕು ತೋಟದ ಮನೆಗಳಿಗೆ ಹೋಗಿ, ಅನುಮತಿ ಕೇಳಿ, ಪುಟಗಳ ಫೋಟೋ ತೆಗೆಯಿರಿ. ಪುಸ್ತಕ ಮನೆಯಿಂದ ಹೊರಗೆ ತರಬೇಡಿ. ವಿದ್ಯಾರ್ಥಿಗಳು ಅದನ್ನು ಎಕ್ಸೆಲ್‌ಗೆ ಹಾಕಲಿ, ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಹಾಕಲಿ, ತಪ್ಪು ಸಿಗುತ್ತದೆ. ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ, 0.254 ಮಿಲಿಮೀಟರ್. ಆಮೇಲೆ ಪ್ರಶ್ನೆ ಕೇಳಿ. ಅಳತೆ ಮಾಡುತ್ತಿದ್ದವರು ಯಾರು, ಎಷ್ಟು ಹೊತ್ತಿಗೆ? ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ತೋಟದ ರೈಟರ್ (ಲೆಕ್ಕ ಬರೆಯುವವರು) ಆರೂವರೆಗೇ ಅಳೆದಿದ್ದರೆ ಆ ದಿನದ ಮಳೆ ಬೇರೆ ತಾರೀಖಿಗೆ ಹೋಗಿರಬಹುದು. ಮಳೆ ಮಾಪಕದ ಪಕ್ಕ ಸಿಲ್ವರ್ ಓಕ್ ನೆಟ್ಟಿದ್ದಾರಾ? ಮರ ಬೆಳೆದ ಹಾಗೆ ಮಾಪಕಕ್ಕೆ ಬೀಳುವ ನೀರು ಕಡಿಮೆಯಾಗುತ್ತದೆ, ಪುಸ್ತಕ ನೋಡಿದವರು "ಮಳೆ ಕಡಿಮೆಯಾಯ್ತು" ಅನ್ನುತ್ತಾರೆ. ಇದನ್ನು ಹಿಡಿಯೋದು ಸುಲಭ. ಪಕ್ಕದ ತೋಟದ ಮಳೆಯನ್ನೂ ವರ್ಷದಿಂದ ವರ್ಷಕ್ಕೆ ಕೂಡಿಸುತ್ತಾ ಹೋಗಿ, ಒಂದರ ಎದುರು ಇನ್ನೊಂದನ್ನು ಗ್ರಾಫ್ ಹಾಕಿ. ಗೆರೆ ಎಲ್ಲಿ ಬಾಗುತ್ತದೋ ಆ ವರ್ಷ ಎರಡರಲ್ಲಿ ಒಂದು ಮಾಪಕಕ್ಕೆ ಏನೋ ಆಗಿದೆ. ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಬಿಎಸ್ಸಿ ಹುಡುಗರಿಗೆ ಎಲ್ಲಿ ಸಿಗುತ್ತದೆ?

ಅಲ್ಲಿಂದ ಮುಂದೆ ದಾರಿ ತಾನಾಗಿ ತೆರೆಯುತ್ತದೆ. ರೊಬಸ್ಟಾಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ಬೇಕು, ಸುಮಾರು ಒಂದು ಇಂಚಾದರೂ. ಅದಾದ ಕೆಲವು ವಾರಕ್ಕೆ, ಕಾಯಿ ನಿಲ್ಲಲು, ಬ್ಯಾಕಿಂಗ್ ಮಳೆ ಬೇಕು. ಹೂಮಳೆಯ ತಾರೀಖು ವರ್ಷಗಳ ಮೇಲೆ ಸರಿದಿದೆಯಾ? ಮಳೆ ಬಾರದ ವರ್ಷ ಸ್ಪ್ರಿಂಕ್ಲರ್‌ಗೆ ಎಷ್ಟು ಖರ್ಚಾಯಿತು ಎಂಬುದನ್ನು ಕಾಮರ್ಸ್ ವಿಭಾಗ ನೋಡಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ವಾರದ ಪುಟಗಳನ್ನು ಭೂಗೋಳದವರು ಹಳ್ಳಿವಾರು ಹೋಲಿಸಲಿ. ಮಳೆ ನಕ್ಷತ್ರಗಳ ಬಗ್ಗೆ ಹಿರಿಯರು ಹೇಳುವ ಮಾತನ್ನು ಕನ್ನಡ ವಿಭಾಗ ದಾಖಲಿಸಲಿ. ಖರ್ಚು ಅಂದರೆ ಬಸ್ ಚಾರ್ಜ್ ಮತ್ತು ತೋಟದವರಿಗೆ ಒಂದು ಪ್ರತಿ ಪ್ರಿಂಟ್ ಹಾಕಿಸಿ ಕೊಡುವುದು. ಆ ಪ್ರತಿ ಕೊಡಲು ಮಾತ್ರ ಮರೆಯಬೇಡಿ. ಡೇಟಾ ತೆಗೆದುಕೊಂಡು ಹೋಗಿ ಮುಖ ತೋರಿಸದವರಿಂದ ಜನ ಬೇಸತ್ತಿದ್ದಾರೆ. ಆದಿವಾಸಿಗಳ ಹಾಡಿಗಳಿಗೆ ಹೋಗಿ ಜೇನುಕುರುಬರ, ಯರವರ ಮಾತು ರೆಕಾರ್ಡ್ ಮಾಡುವವರಿಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ.

ಸಸ್ಯಶಾಸ್ತ್ರದವರು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇದೆ, ಅಪ್ಪಂಗಳದಲ್ಲಿ ಏಲಕ್ಕಿ ಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದು ಬಸ್ ದೂರದಲ್ಲಿರುವ ವಿಜ್ಞಾನಿಗಳನ್ನು ಬಿಟ್ಟು ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿಯನ್ನು ಕರೆಸಿ ಶಾಲು ಹೊದಿಸುತ್ತೇವೆ!

ಪ್ರಶ್ನೆ (ಮಡಿಕೇರಿಯ ಅಧ್ಯಾಪಕಿ):

ನಾನು ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ ಸರ್. ಮಗು ಚಿಕ್ಕದು. ಕೊಡಗು ವಿವಿಗೆ ಸೇರೋಣ ಅಂದರೆ, 2025ರಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಬಂದಾಗಿನಿಂದ ಧೈರ್ಯ ಸಾಲದು.

ಉತ್ತರ:

ಮೇಡಂ, ವಿವಿಗಿಂತ ಮೊದಲು ಗೈಡ್ ಹುಡುಕಿ. ನಿಮ್ಮ ವಿಷಯದಲ್ಲಿ ನಿಜವಾಗಿ ಕೆಲಸ ಮಾಡಿದವರು ಕೊಡಗು ವಿವಿ ಇರುವ ಚಿಕ್ಕ ಅಳುವಾರದಲ್ಲೇ ಸಿಗಲಿ, ಮಂಗಳೂರು, ಮೈಸೂರಿನಲ್ಲೇ ಸಿಗಲಿ, ಅವರ ಹತ್ತಿರ ಹೋಗಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ, ಅದನ್ನೂ ಕೇಳಿಕೊಳ್ಳಿ. ನಿಮ್ಮ ಪ್ರದೇಶದ ಅಧ್ಯಯನಕ್ಕೆ ಹತ್ತಿರದ ವಿವಿ ಅನುಕೂಲ, ಆದರೆ ನೋಂದಣಿಗೆ ಮುಂಚೆ ಸದ್ಯದ ಸ್ಥಿತಿಯನ್ನು ವಿವಿ ಕಚೇರಿಯಲ್ಲೇ ವಿಚಾರಿಸಿ. ವಾಟ್ಸಾಪ್ ಸುದ್ದಿ ಬೇಡ.

ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಪಾರ್ಟ್ ಟೈಮ್‌ಗೆ ಅವಕಾಶ ಇದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ. ಹೆರಿಗೆ, ಶಿಶುಪಾಲನೆಗೆ 240 ದಿನದವರೆಗೆ ರಜೆ ಇದೆ. ಥೀಸಿಸ್ ಸಲ್ಲಿಸುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಎಂಬುದನ್ನು ಆ ನಿಯಮ ಕೈಬಿಟ್ಟಿದೆ. ನಿಮ್ಮ ವಿವಿ ಬೇರೆ ಷರತ್ತು ಇಟ್ಟಿದೆಯಾ ನೋಡಿಕೊಳ್ಳಿ.

ಇದನ್ನು ಓದುತ್ತಿರುವ ಪ್ರಾಂಶುಪಾಲರಿಗೂ ಒಂದು ಮಾತು. ಪಾರ್ಟ್ ಟೈಮ್ ಅಭ್ಯರ್ಥಿಗೆ ನೀವು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುತ್ತೀರಲ್ಲ, ಅದರಲ್ಲಿ ಬರೀ ಅನುಮತಿ ಇರುವುದಿಲ್ಲ. ಇವರ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಅಂತಲೂ ಬರೆದುಕೊಡಬೇಕು. ಅದಕ್ಕೆ ಸಹಿ ಹಾಕಿ, ಮರುದಿನ ಅವರಿಗೇ ಇನ್ನೊಂದು ಕಮಿಟಿ ಹೊರಿಸುವುದು ಎಲ್ಲ ಕಡೆ ನಡೆಯುತ್ತಿದೆ. ಮೇಡಂ, ಆ ಪತ್ರದ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ (ಕುಶಾಲನಗರದಿಂದ ಅತಿಥಿ ಉಪನ್ಯಾಸಕ):

ಸರ್, ನಮ್ಮಂಥವರಿಗೆ? ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲ. ಎರಡೂವರೆ ಸಾವಿರ ಕಟ್ಟಿದರೆ ನಾಲ್ಕು ದಿನದಲ್ಲಿ "ಅಂತಾರಾಷ್ಟ್ರೀಯ ಜರ್ನಲ್"ನಲ್ಲಿ ಹಾಕುತ್ತೇವೆ ಅಂತ ಮೆಸೇಜ್ ಬಂದಿದೆ. ಕಟ್ಟಲಾ?

ಉತ್ತರ:

ಕಟ್ಟಬೇಡಿ. ನಾಲ್ಕು ದಿನದಲ್ಲಿ ನಿಮ್ಮ ಬರಹವನ್ನು ಇಬ್ಬರು ತಜ್ಞರು ಓದಿ ಅಭಿಪ್ರಾಯ ಕೊಡಲು ಸಾಧ್ಯವೇ ಇಲ್ಲ. ಐಎಸ್‌ಎಸ್‌ಎನ್ ಇದೆ ಅಂತ ತೋರಿಸುತ್ತಾರೆ, ಅದು ಪತ್ರಿಕೆಯ ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆ ಅಲ್ಲ. ಒಳ್ಳೆಯ ಜರ್ನಲ್‌ಗಳದ್ದು ಅಂತ ಯುಜಿಸಿ ತಂದಿದ್ದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿದೆ. ಹಾಗಾಗಿ "ಕೇರ್ ಲಿಸ್ಟೆಡ್" ಎಂದು ಇನ್ನೂ ಹೇಳಿಕೊಳ್ಳುವವರನ್ನು ನೋಡಿದರೆ ಎಚ್ಚರ. ಸಂಪಾದಕ ಮಂಡಳಿಯಲ್ಲಿ ಒಬ್ಬರಿಗೆ ಇಮೇಲ್ ಮಾಡಿ "ನೀವು ಇದರಲ್ಲಿ ಇದ್ದೀರಾ?" ಅಂತ ಕೇಳಿ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಸ್ಥಿತಿ. ಅದನ್ನು ಸಿಹಿ ಮಾಡಿ ಹೇಳೋಕೆ ನನಗೆ ಬರುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಸಿಕೊಂಡು ಸಂಶೋಧನೆ ಮಾಡಿ ಅನ್ನುವುದು ಅನ್ಯಾಯ. ನಿಮ್ಮ ಸಮಯವನ್ನು ನಿಮಗೆ ಉಪಯೋಗವಾಗುವ ಕಡೆ ಹಾಕಿ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಇನ್ನೂ ಆಗಿಲ್ಲವಾದರೆ ಕರ್ನಾಟಕದ ಕೆ-ಸೆಟ್ ಮೊದಲು, ಪೇಪರ್ ಆಮೇಲೆ. ಆಸಕ್ತಿ ಇದ್ದರೆ ಕಾಲೇಜಿನ ಸಾಮೂಹಿಕ ಕೆಲಸದಲ್ಲಿ ಸೇರಿ, ಆದರೆ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತದೆ ಎಂದು ಮೊದಲ ದಿನವೇ ಮಾತಾಡಿ. ಸಂಕೋಚ ಬೇಡ. ಡೇಟಾ ಹಾಕಿದ್ದೆಲ್ಲ ಅತಿಥಿ ಉಪನ್ಯಾಸಕರು, ಪ್ರಶಸ್ತಿಪತ್ರ ಇನ್ನೊಬ್ಬರಿಗೆ ಎಂಬ ಕಥೆ ಸಾಕಷ್ಟು ಕೇಳಿದ್ದೇನೆ.

ಸೋಮವಾರಪೇಟೆ ಸಂಯೋಜಕಿ:

ಸರ್, ಪ್ರಾಂಶುಪಾಲರಿಗೆ ಇದನ್ನೆಲ್ಲ ಓದಿಸಿದೆ. ಎರಡು ಗಂಟೆಗೆ ಒಪ್ಪಿದ್ದಾರೆ, ಈ ಸೆಮಿಸ್ಟರ್‌ಗೆ ಮಾತ್ರ. ಸುತ್ತೋಲೆ ವಾಪಸ್ ತೆಗೆಯಲ್ಲ ಅಂತಾರೆ. ಮೊದಲ ದಿನ ಏನು ಮಾಡಲಿ?

ಉತ್ತರ:

ಸುತ್ತೋಲೆ ಇರಲಿ ಬಿಡಿ, ಮುಂದಿನ ನ್ಯಾಕ್ ಬರುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ.

ಮೊದಲ ದಿನ ಭಾಷಣ, ದೀಪ ಬೆಳಗುವುದು, ಪಿಪಿಟಿ ಯಾವುದೂ ಬೇಡ. ಒಂದು ಒಳ್ಳೆಯ ಲೇಖನವನ್ನು ಹಿಂದಿನ ವಾರವೇ ಎಲ್ಲರಿಗೂ ಪ್ರಿಂಟ್ ಕೊಡಿ. ನಿಮ್ಮದು ಸರ್ಕಾರಿ ಕಾಲೇಜಾದರೆ 2025ರಿಂದ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್ ಓದಲು ಸಿಗುತ್ತವೆ. ಲಾಗಿನ್ ಯಾರ ಹತ್ತಿರ ಇದೆ ಅಂತ ಲೈಬ್ರರಿಯನ್ ಅವರನ್ನು ಕೇಳಿ. ಅನುದಾನಿತ ಕಾಲೇಜಾದರೆ ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಕೊಡುವ ಎನ್-ಲಿಸ್ಟ್ ಇದೆಯಾ ನೋಡಿ. ಥೀಸಿಸ್‌ಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತ. ಲೈಬ್ರರಿಯನ್‌ರನ್ನೂ ಸಭೆಗೆ ಕರೆಯಿರಿ, ಅವರನ್ನು ಯಾರೂ ಕರೆಯೋದೇ ಇಲ್ಲ.

ಆ ಲೇಖನದಲ್ಲಿ ಇವರು ಏನು ಕೇಳಿದರು, ಹೇಗೆ ಅಳೆದರು, ಎಲ್ಲಿ ನಂಬಿಕೆ ಬರಲಿಲ್ಲ ಅಂತ ಮಾತಾಡಿ. ಮುಗಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ಕ್ಲಾಸಿನಲ್ಲೋ ಊರಿನಲ್ಲೋ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಚೀಟಿಯಲ್ಲಿ ಬರೆಯಲಿ. ಆ ಚೀಟಿಗಳನ್ನು ಇಲ್ಲಿ ಹಾಕಿ, ಯಾವುದು ಒಂದು ಸೆಮಿಸ್ಟರ್‌ನಲ್ಲಿ ಆಗುವ ಕೆಲಸ ಅಂತ ನೋಡೋಣ. ಆ ಹಿರಿಯರ ಚೀಟಿಯನ್ನು ತಪ್ಪದೆ ಕಳಿಸಿ.