ಸಹಾಯ ಬೇಕು: ಹಳೆಯ ಉಕ್ಕಿನ ಟೋಪಿಯ ಮೇಲಿನ ಈ ಗುರುತು ಯಾವುದು?

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಕಳೆದ ಭಾನುವಾರ ಜುನಾ ಬಜಾರಿನಲ್ಲಿ ಬೀಗ, ಬೋಲ್ಟುಗಳ ರಾಶಿಯ ಅಡಿಯಿಂದ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಮಾದರಿಯ ಉಕ್ಕಿನ ಟೋಪಿಯೊಂದನ್ನು ಎತ್ತಿಕೊಂಡು ಬಂದೆ. ಬೋಗುಣಿಯನ್ನು ಮಗುಚಿಟ್ಟ ಹಾಗೆ ಅಗಲ ಅಂಚಿನದು. ಮನೆಯವಳು ಆಗಲೇ ಅದರಲ್ಲಿ ತುಳಸಿ ನೆಡುವ ಲೆಕ್ಕ ಹಾಕಿದ್ದಾಳೆ.

ಅಂಚಿನ ಒಳಗೆ 1942 ಎಂದು ಒತ್ತಿದ್ದು ಸ್ಪಷ್ಟವಾಗಿದೆ. ಪಕ್ಕದಲ್ಲಿ ಬಾಣದ ಗುರುತು, ಅದರ ನೆತ್ತಿಯ ಮೇಲೆ ‘ಐ’ ಅಕ್ಷರ. ಅದು ಅಂದಿನ ಭಾರತ ಸರ್ಕಾರದ ಸೇನಾ ಸ್ವತ್ತಿನ ಮುದ್ರೆ. ಕೆನಡಾದ್ದಾಗಿದ್ದರೆ ಬಾಣ ‘ಸಿ’ ಅಕ್ಷರದೊಳಗೆ ಇರುತ್ತಿತ್ತು. ಇಲ್ಲಿಯವರೆಗೆ ತೊಂದರೆ ಇಲ್ಲ. ತಲೆ ಕೆಡಿಸಿರುವುದು ಹೊರಗಿನ ಬಣ್ಣ: ಹಣೆಯ ಭಾಗದಲ್ಲಿ ಬಿಳಿಯ ತ್ರಿಕೋನ, ಅದರ ಕೆಳಗೆ ಮೂರು ಗಿಡ್ಡ ಗೆರೆ, ಕೊನೆಯದು ಅರ್ಧ ಉದುರಿದೆ. ವಾಯುದಾಳಿ ರಕ್ಷಣೆಯ ವಾರ್ಡನ್‌ಗಳ ಟೋಪಿಯ ಮೇಲೆ ‘ಡಬ್ಲ್ಯೂ’ ಇರುತ್ತಿತ್ತು, ಇದು ಅದಲ್ಲ. ಕುಂಚದ ಕೂದಲೊಂದು ಬಣ್ಣದಲ್ಲೇ ಅಂಟಿಕೊಂಡಿದೆ, ಕೈಯಲ್ಲೇ ಬರೆದದ್ದು.

ಖಡಕಿಯ ಕಾರ್ಖಾನೆಯಲ್ಲಿ, ಸೇನೆಯಲ್ಲಿ ದುಡಿದ ಹಿರಿಯರು ಇಲ್ಲಿದ್ದೀರಿ. ತುಕಡಿಯ ಗುರುತೋ, ಯಾರೋ ಆಮೇಲೆ ಬಳಿದದ್ದೋ, ನೋಡಿ ಹೇಳುವಿರಾ? ಚಿತ್ರ ಕೆಳಗಿದೆ. ಸೀಮೆಎಣ್ಣೆ ಹಾಕಿ ಉಜ್ಜಿ ಎಂದು ಮಾತ್ರ ಹೇಳಬೇಡಿ. ಮಾರಿದವನೂ ಅದನ್ನೇ ಹೇಳಿದ.